ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲ ಮತ್ತು ನಿರ್ಗಮನ ಹಣದ ವಿವಾದ

ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲ ಮತ್ತು ನಿರ್ಗಮನ ಹಣದ ವಿವಾದವು ಬೆಂಗಳೂರಿನ ಯುಬಿ ಸಮೂಹಕ್ಕೆ ಸೇರಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ ಎಂಬ ವಿಮಾನಯಾನ ಸಂಸ್ಥೆಗೆ ಬ್ಯಾಂಕುಗಳು ನೀಡಿದ ಸಾಲ ಹಾಗೂ ಆ ಸಮೂಹದ ಮುಖ್ಯಸ್ಥ ವಿಜಯ್ ಮಲ್ಯ ಅವರಿಗೆ 2016ರಲ್ಲಿ ನೀಡಲು ಒಪ್ಪಲಾದ 7.5 ಕೋಟಿ ಡಾಲರ್ ಮೊತ್ತಕ್ಕೆ ಸಂಬಂಧಿಸಿದೆ. ಸಾರ್ವಜನಿಕ ವಲಯದ ಬ್ಯಾಂಕುಗಳು 2010ರಲ್ಲಿ ಸಾಲವನ್ನು ಪುನಾರಚಿಸಿ ಈ ಸಂಸ್ಥೆಯನ್ನು ಉಳಿಸಲು ಯತ್ನಿಸಿದವು. ಆದರೂ ಸಂಸ್ಥೆ 2012ರಲ್ಲಿ ಹಾರಾಟ ನಿಲ್ಲಿಸಿತು. ಸಾವಿರಾರು ನೌಕರರ ಸಂಬಳ ಬಾಕಿ ಉಳಿಯಿತು. ಬ್ಯಾಂಕುಗಳ ಸಾಲವೂ ಮರಳಲಿಲ್ಲ. ಇಂತಹ ಹೊತ್ತಿನಲ್ಲಿ ಅದೇ ಸಮೂಹದ ಮುಖ್ಯಸ್ಥರಿಗೆ ಮತ್ತೊಂದು ಕಂಪನಿಯ ಹುದ್ದೆಯನ್ನು ತೊರೆಯಲು ದೊಡ್ಡ ಮೊತ್ತ ದೊರೆತದ್ದು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು.

ಜನರ ಹಣದಿಂದ ಉಳಿಸಲಾದ ಕಂಪನಿಗಳ ಮೇಲಧಿಕಾರಿಗಳಿಗೆ ಬೋನಸ್ ಅಥವಾ ವಿಶೇಷ ಪಾವತಿ ಸಲ್ಲಬೇಕೇ ಎಂಬ ಪ್ರಶ್ನೆ 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನ ನಂತರ ಹಲವು ದೇಶಗಳಲ್ಲಿ ಎದ್ದಿತ್ತು. ಕಿಂಗ್‌ಫಿಷರ್ ಪ್ರಕರಣವು ಕರ್ನಾಟಕದಲ್ಲಿ ಆ ಪ್ರಶ್ನೆಗೆ ಅತ್ಯಂತ ಸಮೀಪವಾದ ನಿದರ್ಶನವಾಗಿದೆ.

ಪರಿಭಾಷೆ

ಕನ್ನಡದಲ್ಲಿ ‘ಬೋನಸ್’ ಎಂಬ ಒಂದೇ ಪದವನ್ನು ಎರಡು ಬೇರೆ ಬೇರೆ ಪಾವತಿಗಳಿಗೆ ಬಳಸಲಾಗುತ್ತದೆ. ಮೊದಲನೆಯದು ಕಾರ್ಮಿಕರ ಬೋನಸ್. 1965ರ ಬೋನಸ್ ಪಾವತಿ ಕಾಯ್ದೆಯು ಇದನ್ನು ಕಾರ್ಮಿಕರ ಹಕ್ಕನ್ನಾಗಿ ರೂಪಿಸಿತು. ಅದರ ಕನಿಷ್ಠ ಪ್ರಮಾಣ ವೇತನದ ಶೇ 8.33, ಗರಿಷ್ಠ ಪ್ರಮಾಣ ಶೇ 20. ಎರಡನೆಯದು ಉನ್ನತಾಧಿಕಾರಿಗಳ ಬೋನಸ್. ಇದು ಕಂಪನಿಯ ನಿರ್ದೇಶಕ ಮಂಡಳಿಯು ಒಪ್ಪಂದದ ಮೂಲಕ ನೀಡುವ ಹಣ ಅಥವಾ ಷೇರು. ಇದರಲ್ಲಿ ಮೂರು ಬಗೆಗಳಿವೆ.

ಸಾಧನೆಯ ಬೋನಸ್: ಲಾಭ ಅಥವಾ ಗುರಿ ಸಾಧನೆಯನ್ನು ಆಧರಿಸಿದ ಪಾವತಿ.

ಉಳಿಕೆ ಬೋನಸ್: ಕಷ್ಟಕಾಲದಲ್ಲಿ ಅಧಿಕಾರಿ ಕಂಪನಿಯನ್ನು ಬಿಟ್ಟು ಹೋಗದಂತೆ ತಡೆಯಲು ನೀಡುವ ಪಾವತಿ.

ನಿರ್ಗಮನ ಹಣ: ಹುದ್ದೆ ತೊರೆಯುವಾಗ ನೀಡುವ ಪಾವತಿ. ವಾಣಿಜ್ಯ ಪತ್ರಿಕೋದ್ಯಮದಲ್ಲಿ ಇದನ್ನು ‘ಚಿನ್ನದ ಪ್ಯಾರಾಚೂಟ್’ ಎಂದೂ ಕರೆಯುವುದುಂಟು.

ಕಿಂಗ್‌ಫಿಷರ್ ವಿವಾದದಲ್ಲಿ ಚರ್ಚೆಗೆ ಬಂದದ್ದು ಮೂರನೆಯ ಬಗೆಯ ಪಾವತಿ.

ಹಿನ್ನೆಲೆ

ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. ಮದ್ಯೋದ್ಯಮದಲ್ಲಿ ಹೆಸರಾಗಿದ್ದ ಯುಬಿ ಸಮೂಹದ ಅಧ್ಯಕ್ಷ ವಿಜಯ್ ಮಲ್ಯ ಇದರ ಸ್ಥಾಪಕರು. ಅವರು 2002ರಲ್ಲಿ ಹಾಗೂ 2010ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದರು.

2007ರಲ್ಲಿ ಯುಬಿ ಸಮೂಹವು ಏರ್ ಡೆಕ್ಕನ್ ಸಂಸ್ಥೆಯಲ್ಲಿ ಪಾಲು ಖರೀದಿಸಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಕಡಿಮೆ ದರದ ವಿಮಾನಯಾನಕ್ಕಾಗಿ 2003ರಲ್ಲಿ ಆರಂಭಿಸಿದ್ದ ಈ ಸಂಸ್ಥೆ 2008ರಲ್ಲಿ ಕಿಂಗ್‌ಫಿಷರ್ ಜೊತೆ ವಿಲೀನಗೊಂಡಿತು. ಅದೇ ವರ್ಷ ಬೆಂಗಳೂರು–ಲಂಡನ್ ಮಾರ್ಗದಲ್ಲಿ ಅಂತರರಾಷ್ಟ್ರೀಯ ಸೇವೆಯೂ ಆರಂಭವಾಯಿತು. ಆ ವರ್ಷ ಇಂಧನದ ಬೆಲೆ ವಿಪರೀತವಾಗಿ ಏರಿತ್ತು. ವರ್ಷದ ಕೊನೆಯಲ್ಲಿ ಜಾಗತಿಕ ಆರ್ಥಿಕ ಹಿಂಜರಿತವೂ ಸೇರಿಕೊಂಡಿತು. ಪ್ರಯಾಣಿಕರ ಮೆಚ್ಚುಗೆಗೆ ಪಾತ್ರವಾಗಿದ್ದರೂ ಸಂಸ್ಥೆಯು ತನ್ನ ಆಯುಷ್ಯದ ಯಾವ ಆರ್ಥಿಕ ವರ್ಷದಲ್ಲೂ ಲಾಭ ಗಳಿಸಲಿಲ್ಲ.

2010ರ ಸಾಲ ಪುನಾರಚನೆ

ಸಂಸ್ಥೆಗೆ ಸಾಲ ನೀಡಿದ ಬ್ಯಾಂಕುಗಳ ಒಕ್ಕೂಟದ ನೇತೃತ್ವವನ್ನು ಭಾರತೀಯ ಸ್ಟೇಟ್ ಬ್ಯಾಂಕ್ ವಹಿಸಿತ್ತು. ಮುಂದೆ ಈ ಒಕ್ಕೂಟ 17 ಬ್ಯಾಂಕುಗಳದಾಯಿತು. ಆಕ್ಸಿಸ್, ಫೆಡರಲ್ ಮುಂತಾದ ಖಾಸಗಿ ಬ್ಯಾಂಕುಗಳು ಇದರಲ್ಲಿದ್ದರೂ ಹೆಚ್ಚಿನ ಸಾಲ ಸಾರ್ವಜನಿಕ ವಲಯದ ಬ್ಯಾಂಕುಗಳದೇ ಆಗಿತ್ತು. ಕರ್ನಾಟಕದಲ್ಲೇ ಹುಟ್ಟಿ ಬೆಳೆದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹಾಗೂ 1906ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಕಾರ್ಪೊರೇಶನ್ ಬ್ಯಾಂಕ್ ಕೂಡ ಸಾಲದಾತರ ಪಟ್ಟಿಯಲ್ಲಿದ್ದವು.

2010ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳು ಸಾಲ ಪುನಾರಚನೆಯ ಒಪ್ಪಂದಕ್ಕೆ ಸಹಿ ಹಾಕಿದವು. ಸಾಲ ಪುನಾರಚನೆ ಎಂದರೆ ಮರುಪಾವತಿಯ ಅವಧಿ ವಿಸ್ತರಿಸುವುದು, ಬಡ್ಡಿ ಇಳಿಸುವುದು ಹಾಗೂ ಸಾಲದ ಒಂದು ಭಾಗವನ್ನು ಷೇರುಗಳಾಗಿ ಪರಿವರ್ತಿಸುವುದು. 2011ರ ಮಾರ್ಚ್ ಕೊನೆಯಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗಕ್ಕೆ ಬದಲಾಗಿ ಪ್ರತಿ ಷೇರಿಗೆ 64.48 ರೂಪಾಯಿಯಂತೆ ಸಂಸ್ಥೆಯ ಷೇರುಗಳನ್ನು ಪಡೆದವು. ಆಗ ಮಾರುಕಟ್ಟೆಯಲ್ಲಿ ಆ ಷೇರಿನ ಬೆಲೆ 40 ರೂಪಾಯಿಯ ಆಸುಪಾಸಿನಲ್ಲಿತ್ತು. ಹೀಗೆ ಸಾಲಗಾರನಿಂದ ಬರಬೇಕಿದ್ದ ಹಣಕ್ಕೆ ಬದಲಾಗಿ ಬ್ಯಾಂಕುಗಳ ಕೈಗೆ ಅದೇ ಸಾಲಗಾರನ ಷೇರುಗಳು ಬಂದವು. ಸಂಸ್ಥೆ ಮುಚ್ಚಿದಾಗ ಅವುಗಳ ಮೌಲ್ಯ ಬಹುತೇಕ ಕರಗಿಹೋಯಿತು.

ನೌಕರರ ಬಾಕಿ ಸಂಬಳ

2012ರ ಆರಂಭದಲ್ಲಿ ಬ್ಯಾಂಕುಗಳು ಈ ಸಾಲವನ್ನು ಅನುತ್ಪಾದಕ ಆಸ್ತಿ ಎಂದು ವರ್ಗೀಕರಿಸಿದವು. ತೆರಿಗೆ ಬಾಕಿಗಾಗಿ ಆದಾಯ ತೆರಿಗೆ ಇಲಾಖೆಯು ಸಂಸ್ಥೆಯ ಬ್ಯಾಂಕ್ ಖಾತೆಗಳನ್ನು ಸ್ತಂಭನಗೊಳಿಸಿತು. ನೌಕರರ ಸಂಬಳದಿಂದ ಮುರಿದುಕೊಂಡಿದ್ದ ತೆರಿಗೆಯ ಹಣವೂ ಸಕಾಲದಲ್ಲಿ ಇಲಾಖೆಗೆ ಸಂದಾಯವಾಗಿರಲಿಲ್ಲ.

ಪೈಲಟ್‌ಗಳು, ಎಂಜಿನಿಯರುಗಳು, ಗಗನಸಖಿಯರು ಹಾಗೂ ನೆಲದ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ದೊರೆಯಲಿಲ್ಲ. ಎಂಜಿನಿಯರುಗಳು ಮತ್ತು ಪೈಲಟ್‌ಗಳ ಮುಷ್ಕರದ ನಂತರ 2012ರ ಅಕ್ಟೋಬರ್ 1ರಂದು ಸಂಸ್ಥೆ ಹಾರಾಟ ನಿಲ್ಲಿಸಿ ಬೀಗಮುದ್ರೆ ಘೋಷಿಸಿತು. ಅಕ್ಟೋಬರ್ 20ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಅದರ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಆ ವರ್ಷದ ಡಿಸೆಂಬರ್ 31ಕ್ಕೆ ಪರವಾನಗಿಯ ಅವಧಿ ಮುಗಿಯಿತು. 2016ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಸಂಸ್ಥೆಯ ಸಮಾಪನಕ್ಕೆ ಆದೇಶಿಸಿತು.

ಕಂಪನಿಯೊಂದು ಸಮಾಪನಗೊಂಡಾಗ ಯಾರ ಬಾಕಿಯನ್ನು ಮೊದಲು ತೀರಿಸಬೇಕೆಂಬುದನ್ನು ಕಾನೂನು ನಿಗದಿಪಡಿಸುತ್ತದೆ. ಕಾರ್ಮಿಕರ ಬಾಕಿಯು ಆಧಾರಸಹಿತ ಸಾಲ ನೀಡಿದ ಬ್ಯಾಂಕುಗಳ ಬಾಕಿಗೆ ಸಮಾನವಾದ ಸ್ಥಾನ ಪಡೆದಿದೆ. 2016ರ ದಿವಾಳಿ ಸಂಹಿತೆಯಲ್ಲಿ ಈ ಸ್ಥಾನ 24 ತಿಂಗಳ ಬಾಕಿಗೆ ಅನ್ವಯಿಸುತ್ತದೆ. ‘ಕಾರ್ಮಿಕ’ ಎಂಬ ಕಾನೂನಿನ ವ್ಯಾಖ್ಯೆಗೆ ಒಳಪಡದ ಇತರ ನೌಕರರ 12 ತಿಂಗಳ ಬಾಕಿ ಅದರ ನಂತರದ ಸಾಲಿನಲ್ಲಿ ಬರುತ್ತದೆ. ಆದರೆ ಈ ಕ್ರಮ ಅನ್ವಯವಾಗುವುದು ಸಮಾಪನಗೊಂಡ ಕಂಪನಿಯ ಸ್ವಂತ ಆಸ್ತಿಗೆ ಮಾತ್ರ. ಅದರ ಮುಖ್ಯಸ್ಥರಿಗೆ ಬೇರೊಂದು ಕಂಪನಿಯಿಂದ ಬರುವ ಹಣ ಈ ಸಾಲಿನೊಳಗೆ ಬರುವುದಿಲ್ಲ. ಮುಂದಿನ ವಿವಾದದ ಮೂಲ ಇಲ್ಲಿದೆ.

7.5 ಕೋಟಿ ಡಾಲರ್ ಒಪ್ಪಂದ

ಯುಬಿ ಸಮೂಹದ ಮತ್ತೊಂದು ಕಂಪನಿಯಾದ ಯುನೈಟೆಡ್ ಸ್ಪಿರಿಟ್ಸ್ ಮದ್ಯ ತಯಾರಿಕೆಯಲ್ಲಿ ದೇಶದ ಮುಂಚೂಣಿಯ ಸಂಸ್ಥೆಯಾಗಿತ್ತು. ಅದರಲ್ಲಿ ಪಾಲು ಖರೀದಿಸಲು ಬ್ರಿಟನ್ನಿನ ಡಿಯಾಜಿಯೊ 2012ರ ನವೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡು, ಮುಂದೆ ಅದರ ನಿಯಂತ್ರಣ ಪಡೆಯಿತು. ಮಲ್ಯ ಅಧ್ಯಕ್ಷರಾಗಿ ಮುಂದುವರಿದರು. ಆಂತರಿಕ ತನಿಖೆಯೊಂದರ ನಂತರ 2015ರ ಏಪ್ರಿಲ್‌ನಲ್ಲಿ ನಿರ್ದೇಶಕ ಮಂಡಳಿಯು ಹುದ್ದೆ ತೊರೆಯುವಂತೆ ಕೇಳಿಕೊಂಡಾಗ ಅವರು ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕ್ ಅವರನ್ನು ಉದ್ದೇಶಪೂರ್ವಕ ಸುಸ್ತಿದಾರ ಎಂದು ಘೋಷಿಸಿತು.

2016ರ ಫೆಬ್ರವರಿ 25ರಂದು ಡಿಯಾಜಿಯೊ ಹಾಗೂ ಮಲ್ಯ ನಡುವೆ ಒಪ್ಪಂದವಾಯಿತು. ಮಲ್ಯ ಅವರು ಯುನೈಟೆಡ್ ಸ್ಪಿರಿಟ್ಸ್ ಅಧ್ಯಕ್ಷ ಹುದ್ದೆಯನ್ನು ತೊರೆಯಬೇಕು ಮತ್ತು ಐದು ವರ್ಷ ಸ್ಪರ್ಧಾತ್ಮಕ ವ್ಯವಹಾರದಲ್ಲಿ ತೊಡಗಬಾರದು ಎಂಬುದು ಅದರ ತಿರುಳು. ಇದಕ್ಕೆ ಪ್ರತಿಯಾಗಿ ಡಿಯಾಜಿಯೊ 7.5 ಕೋಟಿ ಡಾಲರ್, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 515 ಕೋಟಿ ರೂಪಾಯಿ ನೀಡಲು ಒಪ್ಪಿತು. ಇದರಲ್ಲಿ 4 ಕೋಟಿ ಡಾಲರನ್ನು ತಕ್ಷಣವೇ ಪಾವತಿಸಲಾಯಿತು. ಉಳಿದದ್ದನ್ನು ಐದು ವರ್ಷಗಳ ಕಂತುಗಳಲ್ಲಿ ನೀಡಬೇಕಿತ್ತು. ಆ ವೇಳೆಗೆ ಬ್ಯಾಂಕುಗಳಿಗೆ ಬರಬೇಕಿದ್ದ ಬಾಕಿ ಬಡ್ಡಿ ಸೇರಿ 9,000 ಕೋಟಿ ರೂಪಾಯಿ ದಾಟಿತ್ತು.

ನ್ಯಾಯಾಲಯಗಳಲ್ಲಿ

ಬ್ಯಾಂಕುಗಳು 2013ರಲ್ಲೇ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆ ಹೋಗಿದ್ದವು. ಹೊಸ ಒಪ್ಪಂದ ಬೆಳಕಿಗೆ ಬಂದೊಡನೆ, ಆ ಹಣದ ಮೇಲೆ ಮೊದಲ ಹಕ್ಕು ತಮ್ಮದೆಂದು ಅವು ವಾದಿಸಿದವು. 2016ರ ಮಾರ್ಚ್ 7ರಂದು ನ್ಯಾಯಮಂಡಳಿಯು ಪ್ರಕರಣ ಇತ್ಯರ್ಥವಾಗುವವರೆಗೆ ಮಲ್ಯ ಆ ಮೊತ್ತವನ್ನು ಪಡೆಯದಂತೆ ತಡೆಯಾಜ್ಞೆ ನೀಡಿತು. ಅಷ್ಟರಲ್ಲಿ ಮೊದಲ ಕಂತು ಪಾವತಿಯಾಗಿತ್ತು. ಮಲ್ಯ ಮಾರ್ಚ್ 2ರಂದೇ ದೇಶ ಬಿಟ್ಟಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಅವರು ರಾಜ್ಯಸಭಾ ಸದಸ್ಯತ್ವಕ್ಕೆ ರಾಜೀನಾಮೆ ನೀಡಿದರು.

2017ರ ಜನವರಿ 19ರಂದು ನ್ಯಾಯಮಂಡಳಿಯು 6,203 ಕೋಟಿ ರೂಪಾಯಿಯನ್ನು ವಾರ್ಷಿಕ ಶೇ 11.5ರ ಬಡ್ಡಿಯೊಂದಿಗೆ ವಸೂಲು ಮಾಡಿಕೊಳ್ಳಲು ಬ್ಯಾಂಕುಗಳಿಗೆ ಅನುಮತಿ ನೀಡಿತು.

ಡಿಯಾಜಿಯೊದಿಂದ ಬಂದ 4 ಕೋಟಿ ಡಾಲರನ್ನು ಮಲ್ಯ ತಮ್ಮ ಮೂವರು ಮಕ್ಕಳಿಗೆ ವರ್ಗಾಯಿಸಿದ್ದರು. ಆಸ್ತಿಯನ್ನು ಪರಭಾರೆ ಮಾಡಬಾರದೆಂಬ ಕರ್ನಾಟಕ ಹೈಕೋರ್ಟಿನ ಆದೇಶ ಆಗ ಜಾರಿಯಲ್ಲಿತ್ತು. ಆದ್ದರಿಂದ 2017ರ ಮೇ 9ರಂದು ಸುಪ್ರೀಂ ಕೋರ್ಟ್ ಅವರನ್ನು ನ್ಯಾಯಾಂಗ ನಿಂದನೆಯ ದೋಷಿ ಎಂದು ತೀರ್ಪಿತ್ತಿತು. 2022ರ ಜುಲೈ 11ರಂದು ನಾಲ್ಕು ತಿಂಗಳ ಸೆರೆವಾಸ ಹಾಗೂ 2,000 ರೂಪಾಯಿ ದಂಡ ವಿಧಿಸಿ, 4 ಕೋಟಿ ಡಾಲರನ್ನು ಶೇ 8ರ ಬಡ್ಡಿಯೊಂದಿಗೆ ಹಿಂದಿರುಗಿಸುವಂತೆ ಆದೇಶಿಸಿತು. ಉಳಿದ ಕಂತುಗಳನ್ನು ನೀಡುವುದಿಲ್ಲವೆಂದು ಡಿಯಾಜಿಯೊ 2017ರಲ್ಲಿ ಪ್ರಕಟಿಸಿತ್ತು.

2019ರ ಜನವರಿ 5ರಂದು ಮುಂಬೈನ ವಿಶೇಷ ನ್ಯಾಯಾಲಯವು ಮಲ್ಯ ಅವರನ್ನು 2018ರ ಕಾಯ್ದೆಯಡಿ ‘ದೇಶಭ್ರಷ್ಟ ಆರ್ಥಿಕ ಅಪರಾಧಿ’ ಎಂದು ಘೋಷಿಸಿತು. ಆ ಕಾಯ್ದೆಯಡಿ ಹೀಗೆ ಘೋಷಿತರಾದವರಲ್ಲಿ ಅವರೇ ಮೊದಲಿಗರು. ಲಂಡನ್ನಿನ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಅವರ ಹಸ್ತಾಂತರಕ್ಕೆ ಅನುಮತಿ ನೀಡಿತು. ಅದರ ವಿರುದ್ಧದ ಮೇಲ್ಮನವಿಯನ್ನು ಅಲ್ಲಿನ ಹೈಕೋರ್ಟ್ 2020ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು.

ಇದು ಜನರ ಹಣ ಹೇಗೆ?

ಬ್ಯಾಂಕ್ ಸಾಲವನ್ನು ನೇರವಾಗಿ ತೆರಿಗೆ ಹಣವೆನ್ನಲಾಗದು. ಆದರೂ ಈ ಎರಡರ ನಡುವೆ ನಂಟಿದೆ. ಉದಾಹರಣೆಗೆ, ಕಲಬುರಗಿಯ ಜೇವರ್ಗಿ ಕಾಲೋನಿಯ ನಿವೃತ್ತ ನೌಕರರೊಬ್ಬರು ತಮ್ಮ ಉಪದಾನದ ಹಣವನ್ನು ಸಮೀಪದ ಸರ್ಕಾರಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆಂದು ಭಾವಿಸಬಹುದು. ಬ್ಯಾಂಕು ಅಂತಹ ಲಕ್ಷಾಂತರ ಠೇವಣಿಗಳನ್ನು ಒಟ್ಟುಗೂಡಿಸಿ ದೊಡ್ಡ ಕಂಪನಿಗಳಿಗೆ ಸಾಲ ನೀಡುತ್ತದೆ. ಸಾಲ ಮರಳದಿದ್ದರೆ ಠೇವಣಿದಾರರ ಹಣ ಕೂಡಲೇ ಕಡಿಮೆಯಾಗುವುದಿಲ್ಲ. ಬ್ಯಾಂಕು ತನ್ನ ಲಾಭದಿಂದ ಆ ನಷ್ಟಕ್ಕೆ ಹಣ ತೆಗೆದಿರಿಸುತ್ತದೆ. ಇದರಿಂದ ಬ್ಯಾಂಕಿನ ಮಾಲೀಕನಾದ ಸರ್ಕಾರಕ್ಕೆ ಬರಬೇಕಾದ ಲಾಭಾಂಶ ಇಳಿಯುತ್ತದೆ. ನಷ್ಟ ಮಿತಿಮೀರಿ ಮೂಲ ಬಂಡವಾಳವೇ ಕರಗತೊಡಗಿದರೆ ಸರ್ಕಾರ ಬೊಕ್ಕಸದ ನೆರವಿನಿಂದ ಹೊಸ ಬಂಡವಾಳ ತುಂಬಬೇಕಾಗುತ್ತದೆ. ಇದನ್ನು ಮರುಬಂಡವಾಳೀಕರಣ ಎನ್ನುತ್ತಾರೆ.

2015ರ ‘ಇಂದ್ರಧನುಷ್’ ಯೋಜನೆಯಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ನಾಲ್ಕು ವರ್ಷಗಳಲ್ಲಿ 70,000 ಕೋಟಿ ರೂಪಾಯಿ ನೀಡಲು ಕೇಂದ್ರ ಸರ್ಕಾರ ನಿರ್ಧರಿಸಿತು. 2017ರ ಅಕ್ಟೋಬರ್‌ನಲ್ಲಿ 2.11 ಲಕ್ಷ ಕೋಟಿ ರೂಪಾಯಿಯ ಮತ್ತಷ್ಟು ದೊಡ್ಡ ಯೋಜನೆ ಪ್ರಕಟವಾಯಿತು. ಇಷ್ಟು ದೊಡ್ಡ ನಷ್ಟಕ್ಕೆ ಉಕ್ಕು, ವಿದ್ಯುತ್, ರಸ್ತೆ ನಿರ್ಮಾಣ ಮುಂತಾದ ಕ್ಷೇತ್ರಗಳ ಸಾಲಗಳು ಮುಖ್ಯ ಕಾರಣವಾಗಿದ್ದವು. ಕಿಂಗ್‌ಫಿಷರ್ ಸಾಲ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ.

ನೆರವಿನ ಮೂರು ಮಾರ್ಗಗಳು

ಕುಸಿಯುತ್ತಿರುವ ಉದ್ಯಮಕ್ಕೆ ಸಾರ್ವಜನಿಕ ಹಣ ಮೂರು ಮಾರ್ಗಗಳಲ್ಲಿ ಬರಬಹುದು. ಮೇಲಧಿಕಾರಿಗಳ ಪಾವತಿಯ ಮೇಲೆ ಎಷ್ಟು ಹಿಡಿತ ಸಾಧ್ಯ ಎಂಬುದು ಹಣ ಬಂದ ಮಾರ್ಗವನ್ನು ಅವಲಂಬಿಸಿದೆ. ಈ ಮೂರಕ್ಕೂ ಕರ್ನಾಟಕದಲ್ಲಿ ನಿದರ್ಶನಗಳಿವೆ.

ರಾಷ್ಟ್ರೀಕರಣ: ಕಲಬುರಗಿಯ ಮಹಬೂಬ್ ಶಾಹಿ ಮಿಲ್ (ಎಂ.ಎಸ್.ಕೆ. ಮಿಲ್) 1974ರ ರುಗ್ಣ ಜವಳಿ ಉದ್ಯಮಗಳ ರಾಷ್ಟ್ರೀಕರಣ ಕಾಯ್ದೆಯ ಪಟ್ಟಿಯಲ್ಲಿದ್ದ ಗಿರಣಿಗಳಲ್ಲಿ ಒಂದು. ಆ ಕಾಯ್ದೆಯಿಂದ ಗಿರಣಿಗಳ ಒಡೆತನ ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿತು. ಹಳೆಯ ಆಡಳಿತವೇ ಕೊನೆಗೊಳ್ಳುವುದರಿಂದ ಅದರ ಮೇಲಧಿಕಾರಿಗಳ ಬೋನಸ್ ಪ್ರಶ್ನೆ ಈ ಮಾರ್ಗದಲ್ಲಿ ಏಳುವುದಿಲ್ಲ.

ಬೊಕ್ಕಸದಿಂದ ನೇರ ನೆರವು: ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ ಸಂಸ್ಥೆಗೆ ಕೇಂದ್ರ ಸಚಿವ ಸಂಪುಟದ ಸಮಿತಿಯು 2014ರಲ್ಲಿ 4,156.79 ಕೋಟಿ ರೂಪಾಯಿಯ ಪುನಶ್ಚೇತನ ನೆರವಿಗೆ ಒಪ್ಪಿಗೆ ನೀಡಿತು. ಇಂತಹ ಕೇಂದ್ರೋದ್ಯಮಗಳ ಅಧಿಕಾರಿಗಳ ಸಾಧನೆಯಾಧಾರಿತ ಪಾವತಿಯನ್ನು ಸಾರ್ವಜನಿಕ ಉದ್ಯಮಗಳ ಇಲಾಖೆಯ 2008 ಹಾಗೂ 2017ರ ಆದೇಶಗಳು ನಿಯಂತ್ರಿಸುತ್ತವೆ. ಅವುಗಳ ಪ್ರಕಾರ ಈ ಪಾವತಿ ಲಾಭದಿಂದಲೇ ಬರಬೇಕು ಮತ್ತು ತೆರಿಗೆಪೂರ್ವ ಲಾಭದ ಶೇ 5ನ್ನು ಮೀರಬಾರದು. ಲಾಭವಿಲ್ಲದ ಸಂಸ್ಥೆಯಲ್ಲಿ ಈ ಪಾವತಿಗೆ ಅವಕಾಶವಿಲ್ಲ.

ಬ್ಯಾಂಕುಗಳ ಮೂಲಕ ನೆರವು: ಕಿಂಗ್‌ಫಿಷರ್ ಈ ಗುಂಪಿಗೆ ಸೇರುತ್ತದೆ. ಇಲ್ಲಿ ಹಣ ನೀಡುವುದು ಸರ್ಕಾರವಲ್ಲ, ಬ್ಯಾಂಕು. ಆದ್ದರಿಂದ ಮುಖ್ಯಸ್ಥರ ಪಾವತಿಗೆ ಸರ್ಕಾರ ಷರತ್ತು ವಿಧಿಸುವ ಸಂದರ್ಭವೇ ಬರುವುದಿಲ್ಲ. ಸಾಲದ ಕರಾರುಪತ್ರ ಮತ್ತು ನ್ಯಾಯಾಲಯಗಳಷ್ಟೇ ಉಳಿಯುತ್ತವೆ.

ಇತರ ದೇಶಗಳಲ್ಲಿ

ನೇರ ನೆರವಿನ ಮಾರ್ಗದಲ್ಲೂ ಷರತ್ತು ಮೊದಲೇ ಸ್ಪಷ್ಟವಾಗಿರದಿದ್ದರೆ ತೊಡಕು ತಪ್ಪದು. ಅಮೆರಿಕದ ಎಐಜಿ ವಿಮಾ ಸಂಸ್ಥೆಯ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. 2008ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಅದಕ್ಕೆ 8,500 ಕೋಟಿ ಡಾಲರ್ ಸಾಲದ ನೆರವು ನೀಡಿ, ಸರ್ಕಾರದ ಪರವಾಗಿ ಶೇ 79.9ರಷ್ಟು ಪಾಲು ಪಡೆಯಿತು. ಆದರೂ 2009ರ ಮಾರ್ಚ್‌ನಲ್ಲಿ, ನಷ್ಟಕ್ಕೆ ಮುಖ್ಯ ಕಾರಣವಾಗಿದ್ದ ವಿಭಾಗದ ಸಿಬ್ಬಂದಿಗೇ ಸುಮಾರು 16.5 ಕೋಟಿ ಡಾಲರ್ ಉಳಿಕೆ ಬೋನಸ್ ಪಾವತಿಯಾಯಿತು. ನೆರವಿಗೆ ಮುನ್ನವೇ ಆದ ಕರಾರುಗಳನ್ನು ಮುರಿಯಲಾಗದು ಎಂಬುದು ಸಂಸ್ಥೆಯ ಸಮರ್ಥನೆಯಾಗಿತ್ತು. ನೆರವು ಪಡೆದ ಸಂಸ್ಥೆಗಳ ಬೋನಸ್ ಮೇಲೆ ಶೇ 90ರ ತೆರಿಗೆ ವಿಧಿಸುವ ಮಸೂದೆಯನ್ನು ಅಮೆರಿಕದ ಕೆಳಮನೆ 328–93 ಮತಗಳಿಂದ ಅಂಗೀಕರಿಸಿತು. ಸೆನೆಟ್ ಅದನ್ನು ಅಂಗೀಕರಿಸಲಿಲ್ಲ. ಮುಂದೆ ಎಐಜಿ ಚೇತರಿಸಿಕೊಂಡು, 2012ರ ವೇಳೆಗೆ ಸರ್ಕಾರದ ಹಣ ಲಾಭಸಹಿತ ಮರಳಿತು.

ಬ್ರಿಟನ್ನಿನಲ್ಲಿ ಸರ್ಕಾರದಿಂದ ನೆರವು ಪಡೆದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಮುಖ್ಯಸ್ಥ ಫ್ರೆಡ್ ಗುಡ್‌ವಿನ್ ಅವರಿಗೆ ನಿಗದಿಯಾಗಿದ್ದ ವಾರ್ಷಿಕ ಪಿಂಚಣಿ ತೀವ್ರ ಆಕ್ಷೇಪಕ್ಕೆ ಒಳಗಾಯಿತು. 2009ರ ಜೂನ್‌ನಲ್ಲಿ ಅವರೇ ಅದರ ಕಡಿತಕ್ಕೆ ಒಪ್ಪಿದರು. 2012ರಲ್ಲಿ ಅವರ ‘ಸರ್’ ಪದವಿಯನ್ನು ಹಿಂಪಡೆಯಲಾಯಿತು.

ಭಾರತದಲ್ಲಿ ನಿಯಮಗಳು

2013ರ ಕಂಪನಿಗಳ ಕಾಯ್ದೆಯ 197ನೇ ಕಲಮು ಸಾರ್ವಜನಿಕ ಕಂಪನಿಯ ನಿರ್ದೇಶಕರ ಒಟ್ಟು ಸಂಭಾವನೆಗೆ ನಿವ್ವಳ ಲಾಭದ ಶೇ 11ರ ಮಿತಿ ಹಾಕುತ್ತದೆ. ಷೇರುದಾರರ ವಿಶೇಷ ಒಪ್ಪಿಗೆಯಿಂದ ಇದನ್ನು ಮೀರಬಹುದು. ಆದರೆ ಕಂಪನಿಯು ಬ್ಯಾಂಕಿನ ಸಾಲ ತೀರಿಸದೆ ಸುಸ್ತಿಯಾಗಿದ್ದರೆ, ಷೇರುದಾರರಿಗಿಂತ ಮೊದಲು ಆ ಬ್ಯಾಂಕಿನ ಅನುಮತಿ ಪಡೆಯಬೇಕೆಂಬ ತಿದ್ದುಪಡಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು. 202ನೇ ಕಲಮು ಹುದ್ದೆ ಕಳೆದುಕೊಂಡ ನಿರ್ದೇಶಕರಿಗೆ ಕಂಪನಿ ನೀಡುವ ಪರಿಹಾರಕ್ಕೆ ಮಿತಿ ವಿಧಿಸುತ್ತದೆ.

ಖಾಸಗಿ ಹಾಗೂ ವಿದೇಶಿ ಬ್ಯಾಂಕುಗಳ ಮುಖ್ಯಸ್ಥರ ಸಂಭಾವನೆಗೆ ಭಾರತೀಯ ರಿಸರ್ವ್ ಬ್ಯಾಂಕ್ 2012ರಲ್ಲಿ ಮಾರ್ಗಸೂಚಿ ಹೊರಡಿಸಿ, 2019ರ ನವೆಂಬರ್‌ನಲ್ಲಿ ಅದನ್ನು ಬಿಗಿಗೊಳಿಸಿತು. ಬೋನಸ್ ಸ್ವರೂಪದ ಪಾವತಿ ಸ್ಥಿರ ಸಂಬಳದ ಮೂರು ಪಟ್ಟನ್ನು ಮೀರುವಂತಿಲ್ಲ. ಅದರ ಕನಿಷ್ಠ ಶೇ 60 ಭಾಗವನ್ನು ಮೂರು ವರ್ಷ ಅಥವಾ ಹೆಚ್ಚಿನ ಅವಧಿಗೆ ಮುಂದೂಡಬೇಕು. ಈ ನಡುವೆ ಬ್ಯಾಂಕಿನ ಸ್ಥಿತಿ ಹದಗೆಟ್ಟರೆ ಬಾಕಿ ಬೋನಸ್ ತಡೆಹಿಡಿಯಲು ಅಥವಾ ಕೊಟ್ಟದ್ದನ್ನು ಹಿಂಪಡೆಯಲು ಅವಕಾಶವಿದೆ.

ಈ ನಿಯಮಗಳೆಲ್ಲ ಒಂದು ಕಂಪನಿಯು ತನ್ನದೇ ಅಧಿಕಾರಿಗೆ ನೀಡುವ ಪಾವತಿಗೆ ಸಂಬಂಧಿಸಿವೆ. ಒಂದೇ ಸಮೂಹದ ಒಂದು ಕಂಪನಿ ಮುಳುಗಿ, ಮತ್ತೊಂದನ್ನು ಕೊಂಡವರು ಮುಖ್ಯಸ್ಥರಿಗೆ ಹಣ ನೀಡಿದರೆ ಅವು ಅಷ್ಟಾಗಿ ನೆರವಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ಸಾಲಕ್ಕೆ ಮುಖ್ಯಸ್ಥರು ನೀಡಿದ ವೈಯಕ್ತಿಕ ಖಾತರಿಯೇ ಬ್ಯಾಂಕುಗಳಿಗೆ ಮುಖ್ಯ ಆಧಾರವಾಗುತ್ತದೆ. ಕಿಂಗ್‌ಫಿಷರ್ ಸಾಲಕ್ಕೆ ಮಲ್ಯ ವೈಯಕ್ತಿಕ ಖಾತರಿ ನೀಡಿದ್ದರು. ನೌಕರರ ಬಳಿ ಅಂತಹ ಯಾವ ಖಾತರಿಪತ್ರವೂ ಇರಲಿಲ್ಲ.

ವಸೂಲಾತಿ ಮತ್ತು ಭಿನ್ನ ವಾದಗಳು

ಜಪ್ತಿಯಾದ ಷೇರುಗಳು ಹಾಗೂ ಇತರ ಆಸ್ತಿಗಳ ಮಾರಾಟದಿಂದ ಬ್ಯಾಂಕುಗಳಿಗೆ ಹಣ ಮರಳಿತು. ಮಲ್ಯ ಅವರಿಗೆ ಸಂಬಂಧಿಸಿದ 14,131.6 ಕೋಟಿ ರೂಪಾಯಿ ಮೌಲ್ಯದ ಆಸ್ತಿಯನ್ನು ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಮರಳಿಸಲಾಗಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದರು.

ಮಲ್ಯ ತಮ್ಮ ಮೇಲಿನ ಆರೋಪಗಳನ್ನು ನಿರಾಕರಿಸುತ್ತ ಬಂದಿದ್ದಾರೆ. ಇಂಧನ ಬೆಲೆ ಹಾಗೂ ತೆರಿಗೆಗಳಿಂದಾದ ವ್ಯಾಪಾರದ ಸೋಲನ್ನು ವಂಚನೆಯೆಂದು ಬಿಂಬಿಸಲಾಗಿದೆ ಎಂಬುದು ಅವರ ವಾದ. 2016ರಲ್ಲಿ ಅವರು 4,000 ಕೋಟಿ ರೂಪಾಯಿ ಮರುಪಾವತಿಸುವ ಪ್ರಸ್ತಾವ ಮುಂದಿಟ್ಟಿದ್ದರು. ಬ್ಯಾಂಕುಗಳು ಅದನ್ನು ಒಪ್ಪಲಿಲ್ಲ. ನ್ಯಾಯಮಂಡಳಿ ನಿಗದಿಪಡಿಸಿದ 6,203 ಕೋಟಿಯ ಎರಡು ಪಟ್ಟಿಗೂ ಹೆಚ್ಚು ಹಣ ವಸೂಲಾಗಿದೆ ಎಂದು ವಾದಿಸಿ, ಲೆಕ್ಕಪತ್ರ ಒದಗಿಸುವಂತೆ ಕೋರಿ ಅವರು 2025ರಲ್ಲಿ ಕರ್ನಾಟಕ ಹೈಕೋರ್ಟಿಗೆ ಅರ್ಜಿ ಸಲ್ಲಿಸಿದರು. ನಿಗದಿತ ಮೊತ್ತಕ್ಕೆ ವರ್ಷಗಟ್ಟಲೆ ಬಡ್ಡಿ ಸೇರುವುದರಿಂದ ಎರಡು ಅಂಕಿಗಳನ್ನು ನೇರವಾಗಿ ಹೋಲಿಸುವಾಗ ಎಚ್ಚರ ಅಗತ್ಯ.

ನಿರ್ಗಮನ ಹಣದ ಬಗ್ಗೆಯೂ ಎರಡು ದೃಷ್ಟಿಗಳಿವೆ. ಅದು ತೆರಿಗೆದಾರರ ಹಣವಲ್ಲ, ಖಾಸಗಿ ಕಂಪನಿಯೊಂದು ತನ್ನ ವ್ಯಾಪಾರದ ಹಿತಕ್ಕಾಗಿ ಮಾಡಿದ ಕರಾರು ಎಂಬುದು ಒಂದು. ವೈಯಕ್ತಿಕ ಖಾತರಿ ನೀಡಿದವರ ಕೈ ಸೇರುವ ಹಣ ಮೊದಲು ಸಾಲಕ್ಕೆ ಸಲ್ಲಬೇಕು ಎಂಬುದು ಮತ್ತೊಂದು. ನ್ಯಾಯಾಲಯಗಳು ಎರಡನೆಯದನ್ನು ಎತ್ತಿಹಿಡಿದವು. ಆದರೆ ತಡೆಯಾಜ್ಞೆ ಹೊರಬೀಳುವ ಹೊತ್ತಿಗೆ 4 ಕೋಟಿ ಡಾಲರ್ ಕೈ ದಾಟಿತ್ತು. ಅದನ್ನು ಹಿಂದಿರುಗಿಸಬೇಕೆಂಬ ಅಂತಿಮ ಆದೇಶ ಬಂದದ್ದು ಆರು ವರ್ಷಗಳ ನಂತರ, ಸಂಸ್ಥೆಯ ನೌಕರರು ಸಂಬಳವಿಲ್ಲದೆ ಕೆಲಸ ಕಳೆದುಕೊಂಡು ಹತ್ತು ವರ್ಷವಾಗಿದ್ದಾಗ.